ಪೆನ್ಸಿಲಿನಲ್ಲಿ ಬರೆದ ಹವಳ

ಗುಂಡ್ಲುಪೇಟೆಯ ನಮ್ಮ ಹೈಸ್ಕೂಲಿನಿಂದ ಯಾರೇ ಅಂಡಮಾನಿಗೆ ಹೊರಟರೂ ಆ ಪುಟ್ಟ ಪ್ರವಾಸ ಕೈಪಿಡಿ ಜೊತೆಗೆ ಹೋಗುತ್ತಿತ್ತು. ಮಹಾಲಿಂಗ ಮೇಷ್ಟ್ರು ಮೈಸೂರಿನಲ್ಲಿ ಕೊಂಡಿದ್ದು, ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟೇ ಗಾತ್ರ. ಹೋಗಿ ಬಂದವರು ಮುಂದಿನವರಿಗೆಂದು ಅಂಚಿನಲ್ಲಿ ಪೆನ್ಸಿಲಿನಿಂದ ಏನಾದರೂ ಬರೆದಿಡುವುದು ರೂಢಿ. ‘ಇಲ್ಲಿ ಮೊಸರನ್ನ ಸಿಗುತ್ತದೆ.’ ‘ಮೆಟ್ಟಿಲು ಜಾರುತ್ತದೆ, ಕಂಬಿ ಬಿಡಬೇಡಿ.’ ಅಚ್ಚಾದ ಸಾಲುಗಳಿಗಿಂತ ಇವೇ ನನಗೆ ಧೈರ್ಯ. ನಮ್ಮವರು ಕಾಲಿಟ್ಟು ನೋಡಿದ ಜಾಗಗಳಲ್ಲವೇ.

ಅಂಡಮಾನಿಗೆ ಬಂದ ಮೂರು ದಿನದಿಂದ ಆ ಪುಸ್ತಕ ತೆರೆಯದೆ ನಾನು ರಸ್ತೆ ದಾಟಿರಲಿಲ್ಲ. ಚಾಮರಾಜನಗರದ ಕಚೇರಿಯಿಂದ ಹಾಗೂಹೀಗೂ ರಜೆ ಪಡೆದು ಬಂದಿದ್ದ ನನ್ನ ಗಂಡ ಶಾಂತರಾಜುಗೆ ನಗು.

“ಉಸುರ್ ತಕ್ಕಬೋದು ಅಂತ ಎಲ್ಲಾರ ಬರ್ದವ್ರಾ ನೋಡು. ಆಮೇಲೆ ತಕ್ಕತೀನಿ.”

ನಾನು ಕಾಯುತ್ತಿದ್ದುದು ಒಂದು ಪುಟಕ್ಕೆ. ಅಲ್ಲಿ ನಮ್ಮ ಜೊತೆ ಪಾಠ ಮಾಡುತ್ತಿದ್ದ ನಾಗರತ್ನಕ್ಕನ ದುಂಡು ಅಕ್ಷರ: ‘ಗಾಜಿನ ತಳದ ದೋಣಿ. ತಪ್ಪದೆ ಹತ್ತಿ. ನೇರಳೆ, ಹಳದಿ, ಕುಂಕುಮದ ಹವಳ.’

ಮಧ್ಯಾಹ್ನದ ಊಟವಾದ ಮೇಲೆ ಸ್ಟಾಫ್ ರೂಮಿನಲ್ಲಿ ಅಕ್ಕ ಆ ಹವಳದ ಕತೆ ತೆಗೆಯುತ್ತಿದ್ದರು. ಹೊರಗೆ ಕೇರಳದ ಕಡೆಗೆ ಚೆಂಡುಹೂವಿನ ಲಾರಿಗಳು ಹೋಗುತ್ತಿದ್ದವು, ಆ ಕಟು ವಾಸನೆ ಕಿಟಕಿಯವರೆಗೂ ಬರುತ್ತಿತ್ತು. ಅಕ್ಕ ಮೇಜಿನ ಮೇಲೆ ಅಂಗೈಯನ್ನು ಮೆಲ್ಲಗೆ ಸರಿಸುತ್ತ ದೋಣಿ ಹೇಗೆ ಹೋಯಿತೆಂದು ತೋರಿಸುತ್ತಿದ್ದರು. ನಾನು ಬಾಗಿ ಮೇಜನ್ನೇ ನೋಡುತ್ತಿದ್ದೆ, ಮರದ ಕೆಳಗೆ ನೀರಿದೆ ಎಂಬಂತೆ. ಅವರು ನಿವೃತ್ತರಾಗಿ ಕುದೇರಿಗೆ ಹೋದರು. ಈಗ ನಾವು ಊಟ ಮಾಡುತ್ತ ಮೊಬೈಲು ನೋಡುತ್ತೇವೆ. ಆ ಹವಳವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದೇ ನಾನು ಸಮುದ್ರ ದಾಟುವ ಧೈರ್ಯ ಮಾಡಿದ್ದು.

ಆ ದೋಣಿ ಹೊರಡುವ ಸಣ್ಣ ದ್ವೀಪ ತಲುಪುವಷ್ಟರಲ್ಲಿ ಇವರ ಹೊಟ್ಟೆ ಕೆಟ್ಟಿತ್ತು. ಎಳನೀರು ಹಿಡಿದು ಮರದ ಬುಡದಲ್ಲಿ ಕೂತರು. “ನೀನ್ ಓಗ್ಬುಟ್ಟು ಬಾ. ನಂಗಾಗಲ್ಲ.”

ದೋಣಿಗೆ ಹಾಕಿದ್ದ ಹಲಗೆ ಒಂದೇ ಸಮ ಅಲ್ಲಾಡುತ್ತಿತ್ತು. ಒಬ್ಬಳೇ ಹತ್ತಲಾರದೆ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ಹವಳದ ದೋಣಿ ಹತ್ರ ನಿಂತಿದೀನಿ. ನೀವು ಯಾವ ಕಡೆ ಕೂತಿದ್ರಿ? ಯಾವ ಕಡೆ ಕಡಿಮೆ ಅಲ್ಲಾಡುತ್ತೆ?”



“ನಾ ಹತ್ಲೇ ಇಲ್ಲ ಕಣಮ್ಮಿ.”

“ಏನಂದ್ರಿ?”

“ಆ ಹಲಗೆ ನೋಡ್ತಿದ್ದಂಗೆ ಹೆದ್ರಿಕೆ ಆಗ್ಬುಡ್ತು. ವಾಪಸ್ ಬಂದ್ಬುಟ್ಟೆ. ನೋಡ್ಕ ಬಂದೋರು ಮಾತಾಡ್ಕತಿದ್ರಲ್ಲ, ಅದ ಕೇಳಿಸ್ಕಂಡೆ, ಅಷ್ಟೆಯಾ.”

“ಮತ್ತೆ ಅಷ್ಟೆಲ್ಲ ಹೇಳ್ತಿದ್ರಿ.”

“ನೀನು ಅಷ್ಟು ಚೆಂದಾಗಿ ಕೇಳ್ತಿದ್ದೆಯಲ್ಲ ಭಾನು. ನಿಲ್ಸಕೇ ಆಯ್ತಿರ್ನಿಲ್ಲ.” ಅಕ್ಕ ನಕ್ಕರು, ನಗು ಪೂರ್ತಿ ಬರಲಿಲ್ಲ. “ನೀನೂ ವಾಪಸ್ ಬಾ. ನೋಡ್ದೆ ಅಂದ್ಬುಡು. ಯಾರ್ ಕೇಳಾರು?”

ನಿಜ, ಯಾರೂ ಕೇಳುವುದಿಲ್ಲ. ಈಗ ನನಗೆ ಹಲಗೆಗಿಂತ ಆ ಗಾಜಿನ ಭಯವೇ ಹೆಚ್ಚಾಗಿತ್ತು. ಅದರ ಕೆಳಗೆ ಏನೂ ಇಲ್ಲದಿದ್ದರೆ ಆ ಮಧ್ಯಾಹ್ನಗಳನ್ನು ನಾನು ಎಲ್ಲಿಡಲಿ? ಹಾಗೆಂದು ಹಿಂದಿರುಗಿದರೂ ಅವು ಮೊದಲಿನಂತೆ ಇರುವುದಿಲ್ಲ. ದೋಣಿಯವನು ಕೈ ಚಾಚಿದ. ಹಿಡಿದುಕೊಂಡೆ.

ಗಾಜಿನಡಿ ಮೊದಲು ಬರೀ ಮರಳು. ಆಮೇಲೆ ಕಂದು ದಿಬ್ಬಗಳು, ಉತ್ತ ಹೊಲದ ಹೆಂಟೆಗಳಂತೆ. ನೇರಳೆಯಿಲ್ಲ, ಕುಂಕುಮವಿಲ್ಲ. ಎದುರಿಗಿದ್ದ ಹೆಂಗಸು ವಿಡಿಯೋ ಮಾಡುವುದನ್ನು ನಿಲ್ಲಿಸಿ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಅಷ್ಟರಲ್ಲಿ ದಿಬ್ಬದ ಹಿಂದಿನಿಂದ ಪಟ್ಟೆಪಟ್ಟೆಯ ಮೀನುಗಳ ಹಿಂಡು ಬಂದು, ಎಲ್ಲವೂ ಒಟ್ಟಿಗೆ ತಿರುಗಿ, ನನ್ನ ಪಾದಗಳ ನಡುವೆ ಹಾದುಹೋಯಿತು. ನಾನು ಕಾಲೆತ್ತಿಕೊಂಡೆ.

ಇಳಿಯುತ್ತಿದ್ದಂತೆ ಅಕ್ಕನ ಫೋನ್ ಬಂತು.

“ಹತ್ತಿದ್ಯಾ?”

“ಹತ್ತಿದ್ದೆ.”

“ಎಂಗದೆ?”

ನೇರಳೆ ಎಂದರೆ ಮುಗಿಯುತ್ತಿತ್ತು. “ಕಂದು ಬಣ್ಣ ಅಕ್ಕ. ನೀವು ಹೇಳಿದ ಹಾಗಿಲ್ಲ.”

“ಓ. ಮೀನಿದ್ದವಾ?”

“ಇದ್ದವು. ಕಾಲ ಕೆಳಗೇ ಬಂದವು.”

“ಅಂಗ್ ತುಂಡುತುಂಡಾಗಿ ಯೋಳ್ಬ್ಯಾಡ ಕಣಮ್ಮಿ. ಸುರುವಿಂದ ಯೋಳು. ಅನ್ನಕ್ಕಿಟ್ಟಿದ್ದೆ, ಒಲೆ ಆರುಸ್ಬುಟ್ಟು ಬಂದಿವ್ನಿ.”

ನಾನು ದೋಣಿ ನಿಲ್ಲುವ ಜೆಟ್ಟಿಯ ಕಲ್ಲಿನ ಮೇಲೆ ಕೂತು, ಮೊದಲ ಕಾಲನ್ನು ಹಲಗೆಯ ಮೇಲಿಟ್ಟಲ್ಲಿಂದ ಹೇಳತೊಡಗಿದೆ.