ದೀಪವಾದ ಕ್ಯಾಮೆರಾ

ಮೂವತ್ತು ವರ್ಷ ಕ್ಯಾಮೆರಾ ರಿಪೇರಿ ಮಾಡಿದವನು ನಾನು. ಹಳೇ ಸಾಮಾನಿನ ಸಂತೆಯಲ್ಲಿ ಒಂದು ರೀಲ್ ಕ್ಯಾಮೆರಾ ಕಂಡು ಆಸೆಯಿಂದ ಎತ್ತಿಕೊಂಡರೆ, ಲೆನ್ಸ್ ಇರಬೇಕಾದ ಕಡೆ ಬಲ್ಬು! ಜೇಬಿನ ಸ್ಕ್ರೂಡ್ರೈವರಿನಿಂದ ತಳದ ಮುಚ್ಚಳ ಬಿಚ್ಚಿದೆ. ಒಳಗೆ ಸೂಜಿಯಲ್ಲಿ ಗೀಚಿದ ರಿಪೇರಿ ತಾರೀಖು, ನನ್ನದೇ ಕೈಬರಹ. ಇದರ ಶಟರ್ ಸರಿಮಾಡಲು ಆಗ ಮೂರು ದಿನ ಊಟ ನಿದ್ದೆ ಬಿಟ್ಟು ಕೂತಿದ್ದೆ.

"ಶಟರ್ ಎಲ್ಲಯ್ಯಾ?" ಎಂದು ಅಂಗಡಿಯವನನ್ನು ಕೇಳಿದೆ.

"ಕಿತ್ತು ಬಿಸಾಕ್ದೆ ಸಾರ್. ವೈರ್ ಎಳೆಯೋಕೆ ಅಡ್ಡ ಬರ್ತಿತ್ತು."

"ಅದು ಸರಿಯಾಗೇ ಇತ್ತಲ್ಲಯ್ಯಾ!"

"ಇತ್ತು ಸಾರ್. ಅದಕ್ಕೇ ಕೀಳೋಷ್ಟರಲ್ಲಿ ಸಾಕುಸಾಕಾಯ್ತು."

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು, "ರಿಪೇರಿಯವರಾ ಸಾರ್? ಇದ್ರ ಸ್ವಿಚ್ಚು ಲೂಸು, ಸ್ವಲ್ಪ ನೋಡಿ" ಎಂದ.

ಸ್ಕ್ರೂಡ್ರೈವರ್ ಹಿಡಿದಿದ್ದ ನನ್ನ ಕೈ ಆಗಲೇ ಸ್ವಿಚ್ಚು ಬಿಗಿಮಾಡುತ್ತಿತ್ತು. ಆ ಕೈಗೇ ನಾಲ್ಕು ಬಾರಿಸಬೇಕು ಅನ್ನಿಸಿತು.