ಸಾರ್ವಜನಿಕರಲ್ಲಿ ಒಬ್ಬರು

ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ಎರಡು ನಿಮಿಷ, ಇನ್ನೊಂದೇ ನಿಮಿಷ, ಸಾರ್ವಜನಿಕರಲ್ಲಿ ಯಾರಾದರೂ ಮಾತನಾಡುವವರಿದ್ದೀರಾ ಎಂದು ಈ ಪರದೇಶದ ಫ್ರೀಮಾಂಟ್ ನಗರಸಭೆಯ ಕ್ಲರ್ಕಮ್ಮ ಕೇಳಿಯಾಯಿತು, ಯಾರೂ ಇರುವುದಿಲ್ಲ, ಆರು ವರ್ಷದಲ್ಲಿ ಒಂದು ನರಪಿಳ್ಳೆಯೂ ಬಂದಿಲ್ಲ, ಮುಗಿಯಿತು ಎನ್ನುತ್ತಾಳೆ, ವೇದವತಿ ಫೈಲು ಎತ್ತಿಕೊಂಡು ಆಫೀಸಿಗೆ ಹೊರಡುತ್ತಾಳೆ — ಅಯ್ಯೋ, ಇದೇನು, ಪಕ್ಕದಲ್ಲೊಂದು ಕೈ ಮೇಲೆದ್ದಿದೆ, ಮಾವನ ಕೈ, ಅಂಗಿಯ ತೋಳು ಜಾರಿ, ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಉಬ್ಬಿದ ನರ, ಇಳಿಸಿ ಮಾವ, ದಮ್ಮಯ್ಯ ಇಳಿಸಿ — ತಪ್ಪು ಅವಳದೇ, ನಿನ್ನೆ ತಿಂಡಿ ಹೊತ್ತಿಗೆ ಬಾಯಿಬಿಟ್ಟವಳು ಅವಳೇ, ನಾಳೆ ನಮ್ಮ ಆಸ್ಪತ್ರೆ ಬಾಂಡಿನ ಮೀಟಿಂಗು ಮಾವ, ಬಾಂಡು ಮಾರಿ ಹಣ ಎತ್ತೋಕೆ ಮುಂಚೆ ಜನರ ಅಭಿಪ್ರಾಯ ಕೇಳಬೇಕು ಅಂತ ಕಾನೂನು, ಸುಮ್ನೆ ಫಾರ್ಮಾಲಿಟಿ, ಯಾರೂ ಬರಲ್ಲ. ಗದಗದ ನಗರಸಭೆಯಲ್ಲಿ ಮೂವತ್ತು ವರ್ಷ ಜನರ ಅರ್ಜಿ ತೆಗೆದುಕೊಂಡ ಮಾವ ಬಸವಂತಪ್ಪನವರಿಗೆ ಅಷ್ಟು ಸಾಕಾಯಿತು, ಕರದಾರಂದ್ರ ಒಬ್ಬರಾದ್ರೂ ಹೋಗಬೇಕಲ್ಲ ಯವ್ವಾ, ನಾ ಬರ್ತೇನಿ, ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಅವಳಿಗಿಂತ ಮೊದಲೇ ಕಾರಿನಲ್ಲಿ ಕೂತಿದ್ದರು. ಹೊಸ ವಾರ್ಡು, ಹನ್ನೆರಡು ಹೊಸ ಡಯಾಲಿಸಿಸ್ ಯಂತ್ರ, ಅರ್ಜಿ ಬರೆದವಳು ಅವಳು, ರೋಗಿಗಳಿಗೆ ಹೆಚ್ಚಿನ ಅನುಕೂಲ ಎಂದು ಬರೆದವಳೂ ಅವಳೇ, ಎಂಥ ಅನುಕೂಲ, ಈ ಬಾಂಡಿನ ಹಣದಲ್ಲಿ ಗೋಡೆ ಕಟ್ಟಬಹುದು, ಯಂತ್ರ ತರಬಹುದು, ನರ್ಸಿಗೆ ಸಂಬಳ ಕೊಡುವ ಹಾಗಿಲ್ಲ, ನರ್ಸುಗಳಿಲ್ಲವೆಂದು ಎರಡು ತಿಂಗಳ ಹಿಂದೆ ಸಂಜೆ ಪಾಳಿಯನ್ನೇ ಮುಚ್ಚಿದರು, ಇರುವ ಯಂತ್ರಗಳೇ ಮುಸುಕು ಹಾಕಿಕೊಂಡು ನಿಂತಿವೆ, ಅಂದಿನಿಂದ ಕೆಲಸ ಮುಗಿಸಿ ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆಂದು ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಫ್ರೀಮಾಂಟಿನಿಂದ ಲಿವರ್‌ಮೋರ್‌ವರೆಗೆ ಫ್ರೀವೇಯಲ್ಲಿ ತೆವಳುವವಳು ಯಾರು, ಅವಳೇ, ಥೂ, ನರ್ಸುಗಳನ್ನು ಕೊಡಿ ಎಂದು ಎಷ್ಟು ಸಲ ಕೇಳಿಲ್ಲ, ಅದು ಬೇರೆ ಬಜೆಟ್ಟು ವೇದವತಿ, ಆ ಮಾತು ಇಲ್ಲಿ ಬೇಡ, ಎಂದ ಬಾಸು ಜಯರಾಮ್ ಮುಂದಿನ ಸಾಲಿನಲ್ಲೇ ಇದ್ದಾರೆ, ಕತ್ತು ಹೊರಳಿಸಿ ನೋಡುತ್ತಿದ್ದಾರೆ, ಕೈ ಇನ್ನೂ ಇಳಿದಿಲ್ಲ.

ಹೇಳಿ ಸರ್, ಎನ್ನುತ್ತಾಳೆ ಕ್ಲರ್ಕಮ್ಮ, ಮಾವನ ಕೈಗೆ ಮೈಕು ಬಂತು, ನಾ ಕನ್ನಡದಾಗ ಹೇಳ್ತೇನಿ, ನಮ್ಮ ಸೊಸಿ ಇಂಗ್ಲಿಷಿನಾಗ ಹೇಳ್ತಾಳ, ಹನ್ನೆರಡು ಮಷಿನ್ ತರ್ತೀರಿ, ಛಲೋ ಆತು, ಸೂಜಿ ಹಾಕವರು ಯಾರು, ಸಂಜಿ ಪಾಳಿ ಯಾವಾಗ ಸುರು ಮಾಡ್ತೀರಿ, ಇಷ್ಟು ಬರಕೊಳ್ರಿ. ಎರಡು ತಿಂಗಳಿಂದ ಆಫೀಸಿನೊಳಗೆ ಅವಳು ಕೇಳುತ್ತಿರುವುದೂ ಇಷ್ಟೇ, ಆದರೆ ಅವಳ ಬಾಯಿಂದ, ಬಾಸಿನ ಎದುರು, ಸರ್ಕಾರಿ ದಾಖಲೆಗೆ, ಕೆಲಸ ಹೋದರೆ — ಹೊಸ ಯಂತ್ರಗಳಿಗಾಗಿ ನಮ್ಮ ಮಾವ ಆಸ್ಪತ್ರೆಗೆ ಥ್ಯಾಂಕ್ಸ್ ಹೇಳುತ್ತಿದ್ದಾರೆ, ಇಂಗ್ಲಿಷು ತಾನಾಗಿ ಜಾರಿತು, ಛೀ, ಜಾರಿದ್ದಲ್ಲ, ಅವಳೇ ಜಾರಿಸಿದ್ದು, ಕ್ಲರ್ಕಮ್ಮ ಬರೆದುಕೊಳ್ಳುತ್ತಾಳೆ, ಎರಡೂ ಭಾಷೆ ಬಲ್ಲ ಜಯರಾಮ್ ಮೆಲ್ಲಗೆ ತಲೆದೂಗುತ್ತಾರೆ, ಆ ತಲೆದೂಗುವಿಕೆಗೆ ಅವಳ ಮೈಯೆಲ್ಲ ಉರಿಯುತ್ತದೆ, ನಾ ಎಲ್ಲಿ ಥ್ಯಾಂಕ್ಸ್ ಅಂದೇನಿ ಯವ್ವಾ, ಮಾವನ ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಾದರೂ ಇರಬಾರದಿತ್ತೇ, ಇನ್ನೇನಾದರೂ ಇದೆಯೇ ಮೇಡಂ, ಕ್ಲರ್ಕಮ್ಮ ಕೇಳುತ್ತಿರುವುದು ಅವಳನ್ನು, ಇದೆ, ಇದೆ ಎನ್ನಬೇಕು, ನಾನು ತಪ್ಪು ಹೇಳಿದೆ, ಅವರು ಹೇಳಿದ್ದು ಅದಲ್ಲ, ಎನ್ನಬೇಕು, ಜಯರಾಮ್ ಫೈಲು ಮುಚ್ಚುತ್ತಿದ್ದಾರೆ, ಮಾವ ಅವಳ ಮುಖ ನೋಡುತ್ತಿಲ್ಲ, ಮತ್ತೆ ಕೈ ಎತ್ತಿದ್ದಾರೆ, ಹೊಸದಾಗಿ, ಮೊದಲ ಸಲ ಎತ್ತಿದವರಂತೆ, ನೆಟ್ಟಗೆ, ಆ ನರ, ಆ ಸೂಜಿಯ ಗುರುತು, ಆ ಕೈ —