ಹದಿನೇಳನೇ ಕಪಾಟು

"ಕಾಗದ ಮಗುಚಿ ಹಾಕೋದನ್ನ ಮಾತ್ರ ಮರೀಬಾರದು ಮೇಡಂ," ಎನ್ನುತ್ತ ಮೇಸ್ತ್ರಿ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದರು. "ಮೂರ್ತೀನ ಮಲಗಿಸಿ, ತಳಕ್ಕೆ ಕಾಗದ ಹಿಡಿದು ಗೆರೆ ಎಳ್ಕೋತೀವಿ. ಅದು ಕೆಳಗಿಂದ ನೋಡಿದ ಗೆರೆ. ಪೀಠದಲ್ಲಿ ಕುಳಿ ಕೆತ್ತೋದು ಮೇಲಿಂದ. ಮಗುಚದೆ ಕೆತ್ತಿದ್ರೆ ಎಡಮಂಡಿ ಜಾಗಕ್ಕೆ ಬಲಮಂಡಿ ಬರತ್ತೆ. ಮೂರ್ತಿ ಕೂರೋದೇ ಇಲ್ಲ."

"ನೀವು ಯಾವತ್ತಾದ್ರೂ ಮರೆತಿದ್ರಾ?"

"ಒಂದೇ ಒಂದು ಸಲ. ಕೆಟ್ಟ ಮೇಲೇ ಅಲ್ವಾ ಬುದ್ಧಿ ಬರೋದು."

ಮೇಡಂ ನಕ್ಕರು. ವಸ್ತುಸಂಗ್ರಹಾಲಯದ ಶಿಲ್ಪ ವಿಭಾಗ ಅವರದು. ಮೇಸ್ತ್ರಿ ಅಲ್ಲಿನ ಬಡಗಿ. ಮೂವತ್ತನಾಲ್ಕು ವರ್ಷ ಅದೇ ಹಿಂಬದಿಯ ಕೋಣೆಯಲ್ಲಿ ಮರದ ಹೊಟ್ಟು ಕುಡಿದವರು. ತಿಂಗಳ ಕೊನೆಗೆ ನಿವೃತ್ತಿ. ಹೊಸದಾಗಿ ಕೊಳ್ಳಲಿರುವ ಈ ಕಲ್ಲಿನ ಹೆಂಗಸಿಗೆ ಒಂದು ಪೀಠ ಮಾಡಿಕೊಟ್ಟರೆ ಅವರ ಕೆಲಸ ಮುಗಿಯಿತು. ಈ ಸಲ ಫಲಕದಲ್ಲಿ ಪೀಠ ಮಾಡಿದವರ ಹೆಸರೂ ಹಾಕಿಸುತ್ತೇನೆ ಎಂದು ಮೇಡಂ ಮಾತು ಕೊಟ್ಟಿದ್ದರು. ಆ ಕಟ್ಟಡದ ಫಲಕಗಳಲ್ಲಿ ಕೆತ್ತಿಸಿದವರು, ಅಗೆದವರು, ದಾನ ಕೊಟ್ಟವರು, ಎಲ್ಲರ ಹೆಸರೂ ಇತ್ತು; ಬಡಗಿಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಮೇಸ್ತ್ರಿ ಈ ಸುದ್ದಿಯನ್ನು ಹೆಂಡತಿಗಷ್ಟೇ ಹೇಳಿದ್ದರು. ಹೆಂಡತಿಗೆ ಹೇಳಿದ ಮೇಲೆ ಬೀದಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಮೂರ್ತಿ ಮೊಳದುದ್ದದ್ದು. ಮಂಡಿ ಮಡಚಿ ಕೂತ ಮುದುಕಿ, ಮಡಿಲಲ್ಲಿ ಒಂದು ಗಡಿಗೆ. ಮೂಗಿನ ತುದಿ ಹೋಗಿದ್ದರೂ ಮುಖದಲ್ಲಿ ಈಗಷ್ಟೇ ಯಾರನ್ನೋ ಗದರಿಸಿ ಸುಮ್ಮನಾದ ಕಳೆ. ಕಪ್ಪು ಬಣ್ಣ ಬಳಿದ ಮರದ ಪೀಠದ ಮೇಲೆ ಕೂತುಕೊಂಡೇ ಆಕೆ ನಿನ್ನೆ ಬಂದಿದ್ದಳು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಮೇಸ್ತ್ರಿಗೆ ಅನ್ನಿಸಿತ್ತು. ಮೂವತ್ತನಾಲ್ಕು ವರ್ಷ ಮೂರ್ತಿಗಳ ನಡುವೆ ಬದುಕಿದವನಿಗೆ ಎಲ್ಲವೂ ನೆಂಟರೇ ಎಂದು ಬಿಟ್ಟುಬಿಟ್ಟಿದ್ದರು.

"ನಾಳೆ ಹನ್ನೊಂದಕ್ಕೆ ಸಮಿತಿ ಸಹಿ ಹಾಕತ್ತೆ," ಎಂದರು ಮೇಡಂ. "ನನಗೇ ಯಾಕೋ ಸಮಾಧಾನ ಇಲ್ಲ ಮೇಸ್ತ್ರಿ. ಅರವತ್ತು ವರ್ಷದ ಹಿಂದೆ ತಾತ ತಂದಿದ್ದು, ಅವತ್ತಿಂದ ಇದೇ ಪೀಠದ ಮೇಲೆ ನಮ್ಮನೆ ಹಜಾರದಲ್ಲಿತ್ತು ಅಂತ ಮಾರೋ ಮನೆಯೋರು ಬರ್ಕೊಟ್ಟಿದಾರೆ. ಆದ್ರೆ ಯಾರ ಹತ್ರ ತಂದ್ರು, ಎಲ್ಲಿಂದ ಬಂತು, ಒಂದು ಚೀಟಿನೂ ಇಲ್ಲ. ನಲವತ್ತು ವರ್ಷದ ಈಚೆಗೆ ಮಣ್ಣಿಂದ ಎದ್ದಿದ್ದಾದ್ರೆ ನಾವು ಮುಟ್ಟೋ ಹಾಗಿಲ್ಲ. ಅದು ಸಿಕ್ಕಿದ ಊರಿಗೇ ವಾಪಸ್ ಹೋಗ್ಬೇಕು."

"ಅದೆಲ್ಲ ನಿಮ್ಮಂಥ ಓದಿದೋರಿಗೆ. ಎತ್ತಿ ಮೇಡಂ, ಹುಷಾರು, ಸೊಂಟ ನೋಡ್ಕೊಳ್ಳಿ."

ಇಬ್ಬರೂ ಸೇರಿ ಮುದುಕಿಯನ್ನು ಎತ್ತಿ ಮೆತ್ತೆಯ ಮೇಲೆ ಮಲಗಿಸಿದರು. ಮೇಸ್ತ್ರಿ ಖಾಲಿ ಪೀಠದ ಕಡೆ ತಿರುಗಿದರು.

ಕುಳಿಯೊಳಗೆ ಕಪ್ಪು ಬಣ್ಣ ಹೋಗಿರಲಿಲ್ಲ, ತೇಗದ ಹೊಂಬಣ್ಣ ಹಾಗೇ ಇತ್ತು. ಎಡಮಂಡಿಯ ಜಾಗ ಬಲಕ್ಕೆ, ಬಲಮಂಡಿಯ ಜಾಗ ಎಡಕ್ಕೆ. ಹಾಗೆ ತಪ್ಪಿ ಕೆತ್ತಿದ್ದನ್ನು ಮುಚ್ಚಲು ಮೂರು ಬೆಣೆ ಹೊಡೆದು, ಅವುಗಳ ಮೇಲೆ ಮತ್ತೆ ಸರಿಯಾದ ಕುಳಿ ಕೆತ್ತಿತ್ತು. ಇನ್ನೊಬ್ಬರ ತಪ್ಪಾದರೆ ಮರೆತುಹೋಗುತ್ತದೆ, ತನ್ನದು ಎಲ್ಲಿ ಮರೆಯುತ್ತದೆ?

ಇಪ್ಪತ್ತಾರು ವರ್ಷದ ಹಿಂದಿನ ಒಂದು ಭಾನುವಾರ. ಗೋಣಿಚೀಲ ಹೊತ್ತ ಒಬ್ಬ ದಲ್ಲಾಳಿ ಪೀಠ ಮಾಡಿಸಲು ಮನೆಯ ಹಿತ್ತಿಲಿಗೆ ಬಂದಿದ್ದ. ಚೀಲದಿಂದ ಈಕೆಯನ್ನು ತೆಗೆದು ಇಟ್ಟಾಗ ಹಸಿ ಮಣ್ಣು ಹಲಗೆಯ ಮೇಲೆ ಉದುರಿತ್ತು. ಐದು ವರ್ಷದ ಮಗಳು ಬಗ್ಗಿ ನೋಡಿ, "ಅಪ್ಪಾ, ಈ ಅಜ್ಜಿ ಕಿವಿ ತೊಳ್ಕೊಳ್ಳಲ್ವಾ?" ಎಂದಿದ್ದಳು. "ಮೊನ್ನೆ ತಾನೇ ಎದ್ದಿದಾಳೆ ಪುಟ್ಟಿ, ಇನ್ನೂ ಸ್ನಾನ ಆಗಿಲ್ಲ," ಎಂದು ದಲ್ಲಾಳಿ ನಕ್ಕಿದ್ದ. ಮೇಸ್ತ್ರಿಯೂ ನಕ್ಕಿದ್ದರು. ಎಲ್ಲಿಂದ ಎದ್ದಳು ಎಂದು ಕೇಳಿರಲಿಲ್ಲ. ಊರ ಉಸಾಬರಿ ನಮಗ್ಯಾಕೆ ಎಂದು ಮಣ್ಣನ್ನು ಗುಡಿಸಿ ಹಿತ್ತಿಲಿಗೆ ಚೆಲ್ಲಿದ್ದರು.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಪೀಠದ ಮರ ಎಲ್ಲಿಯದು? ಆ ವರ್ಷವೇ ಸಂಗ್ರಹಾಲಯದ ಹಳೆಯ ಮರದ ಕಪಾಟುಗಳನ್ನು ಬಿಚ್ಚಿ ಗಾಜಿನವು ತಂದಿದ್ದರು. ಬಿಚ್ಚಿದ ತೇಗವೆಲ್ಲ ಉಗ್ರಾಣಕ್ಕೆ ಸೇರಬೇಕಿತ್ತು. ಒಂದು ಹಲಗೆ ಸೇರಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಮೇಸ್ತ್ರಿ ಜಂತೆಯನ್ನೇ ಹೊತ್ತುಕೊಂಡು ಹೋಗಿದ್ದರು.

"ಏನಾಯ್ತು ಮೇಸ್ತ್ರಿ? ಬೆವೀತಿದೀರಿ."

"ಏನಿಲ್ಲ ಮೇಡಂ. ಸೊಂಟ."

"ಈ ಕತೇಲಿ ಯಾರೋ ಏನೋ ಮುಚ್ಚಿಡ್ತಿದಾರೆ. ಯಾರು ಅನ್ನೋದೇ ಗೊತ್ತಾಗ್ತಿಲ್ಲ," ಎಂದು ಮೇಡಂ ತಮ್ಮಷ್ಟಕ್ಕೆ ಹೇಳಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿ ಹೆಗಲ ಮೇಲಿನ ಹೊಟ್ಟು ಕೊಡವಿಕೊಂಡು, ಅಳತೆ ನಾಳೆ ತಗೋತೀನಿ ಎಂದು ಹೊರಟುಬಿಟ್ಟರು.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತವರು ಚಪ್ಪಲಿ ಬಿಡುವುದನ್ನೂ ಮರೆತಿದ್ದರು. ಒಲೆಯ ಪಕ್ಕದ ಗೋಡೆಗೆ ತೇಗದ ಗೂಡುಹಲಗೆ, ಅದರ ಮೇಲೆ ಸಾಲಾಗಿ ಡಬ್ಬಿಗಳು. ಪೀಠಕ್ಕೆ ಕೊಯ್ದು ಉಳಿದದ್ದು ಅದು. ಹೆಂಡತಿ ಮುಖ ನೋಡಿದವಳೇ ಒಲೆ ಸಣ್ಣದು ಮಾಡಿದಳು. ಮೇಸ್ತ್ರಿ ಒಂದೂ ಬಿಡದೆ ಹೇಳಿದರು.

"ಸುಮ್ನಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದಳು ಅವಳು.

"ಯಾರಿಗೂ ಇಲ್ಲ."

"ಹೇಳಿದ್ರೂ ಮುದುಕನಿಗೆ ಅರಳು ಮರಳು ಅಂತಾರೆ ಅಷ್ಟೆ."

"ಬರೀ ಬಾಯಲ್ಲಿ ಹೇಳಿದ್ರೆ ಹಾಗೇ ಅಂತಾರೆ." ಮೇಸ್ತ್ರಿ ಹಲಗೆಯನ್ನೇ ನೋಡುತ್ತಿದ್ದರು.

ಅವಳಿಗೆ ಅರ್ಥವಾಯಿತು. ಕಣ್ಣು ತುಂಬಿ ಬಂತು. ಸಿಟ್ಟಿಗೋ ನಾಚಿಕೆಗೋ ಅವಳಿಗೇ ಗೊತ್ತಾಗಲಿಲ್ಲ. "ಮೂವತ್ನಾಲ್ಕು ವರ್ಷದಲ್ಲಿ ನಮ್ಮನೆಯೋರು ಆಫೀಸಿಂದ ಒಂದು ಮೊಳೆ ತಂದೋರಲ್ಲ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಲ್ರೀ."

"ಮೊಳೆ ತಂದಿಲ್ಲ ಕಣೇ. ಹಲಗೆ ತಂದೆ."

ನಗುವ ಮಾತಾಗಿತ್ತು, ಇಬ್ಬರೂ ನಗಲಿಲ್ಲ. ಮೇಸ್ತ್ರಿ ಗೋಡೆಗೆ ಒರಗಿ ಕೂತರು. ಫಲಕದ ಮೇಲಿನ ಹೆಸರು ಹೋಯಿತು, ಬೀಳ್ಕೊಡುಗೆ ಹೋಯಿತು. ಆದರೂ ಮತ್ತೆ ಮತ್ತೆ ಕಣ್ಣಿಗೆ ಬಂದದ್ದು ಮಣ್ಣು ತುಂಬಿದ ಆ ಕಿವಿ.

"ಅಲ್ಲ, ಆ ಮುದುಕಿ ಎಲ್ಲಿಂದ ಬಂದೋಳು?" ಹೆಂಡತಿ ಕೇಳಿದಳು.

"ಗೊತ್ತಿಲ್ಲ. ಕೇಳಬೇಕಾದಾಗ ನಾನು ಕೇಳ್ಲಿಲ್ಲ. ನಾಳೆ ಸಹಿ ಬಿದ್ರೆ ಇನ್ಯಾರೂ ಕೇಳಲ್ಲ."

ಅವಳು ಎದ್ದು ಮೊದಲ ಡಬ್ಬಿ ಇಳಿಸಿದಳು. ಎರಡನೆಯದು ಇಳಿಸಿದಳು. ಮೂರನೆಯದರ ಮುಚ್ಚಳ ಬಿಗಿ ಮಾಡಿ ನೆಲಕ್ಕಿಟ್ಟು, ತಿರುಗದೆಯೇ ಹೇಳಿದಳು: "ಸುಮ್ನೆ ಕೂತಿದೀರಲ್ಲ. ಸ್ಕ್ರೂ ಬಿಚ್ಚೋಕೆ ನಾನು ಬಡಗಿನಾ?"

ಮರುದಿನ ಒಂಬತ್ತಕ್ಕೇ ಮೇಸ್ತ್ರಿ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಹಲಗೆಯನ್ನು ಮೇಡಂ ಮೇಜಿನ ಮೇಲಿಟ್ಟರು. ಪೀಠವನ್ನು ತಂದು ಮಗುಚಿ, ತಳಕ್ಕೆ ಅಂಟಿಸಿದ್ದ ಹಸಿರು ಬಟ್ಟೆಯನ್ನು ಉಳಿಯಿಂದ ಎಬ್ಬಿಸಿದರು. ಬಿಳಿ ಬಣ್ಣದಲ್ಲಿ ಬರೆದ ಏಳರ ಅಂಕಿ ಕಂಡಿತು. ಹಲಗೆಯ ತುದಿಯಲ್ಲಿ ಅದೇ ಬಣ್ಣದ ಒಂದರ ಅಂಕಿ. ಎರಡನ್ನೂ ಕೂಡಿಸಿ ಹಿಡಿದಾಗ ಹದಿನೇಳಾಯಿತು, ಮರದ ಗೆರೆಗಳು ಇದರಿಂದ ಅದಕ್ಕೆ ತುಂಡಾಗದೆ ಹರಿದವು.

"ಹದಿನೇಳನೇ ಕಪಾಟು ಮೇಡಂ. ಬಿಚ್ಚಿದ ತಾರೀಖು ನಿಮ್ಮ ದಾಖಲೇಲೇ ಇದೆ. ಕದ್ದೋನು ನಾನು. ಪೀಠ ಮಾಡಿದ್ದೂ ನಾನು. ಅವಳ ಕಿವೀಲಿ ಆಗ ಹಸಿ ಮಣ್ಣಿತ್ತು."

ಮೇಡಂ ಕೂಡಿಕೆಯ ಮೇಲೆ ಬೆರಳಾಡಿಸಿದರು.

"ಇದನ್ನ ನಾನು ಮುಚ್ಚಿಡಕ್ಕಾಗಲ್ಲ ಮೇಸ್ತ್ರಿ. ಹಲಗೆ ವಿಷಯಾನೂ."

"ಗೊತ್ತು ಮೇಡಂ."

"ಬರೆದು ಕೊಡಿ ಹಾಗಾದ್ರೆ. ನಿಮ್ಮ ಹೆಸರು ಪೂರ್ತಿ ಬರೀಬೇಕು."

ಮೂರ್ತಿಯ ಕಡತದಲ್ಲಿ 'ಯಾರ ಕೈಯಿಂದ ಯಾರ ಕೈಗೆ' ಎಂಬ ಪುಟ ಬಹುಪಾಲು ಖಾಲಿಯಾಗಿತ್ತು. ಮೇಸ್ತ್ರಿ ಅದರ ನಡುವೆ, ನಿಧಾನವಾಗಿ, ನಡೆದದ್ದನ್ನು ಬರೆದರು. ಕೆಳಗೆ ತಮ್ಮ ಹೆಸರು, ತಂದೆಯ ಹೆಸರು, ಕಸುಬು. ಓದಿ ನೋಡಿ ಕಾಗದವನ್ನು ಮೇಡಂ ಕಡೆಗೆ ತಿರುಗಿಸಿಟ್ಟರು.

ಬಾಗಿಲವರೆಗೆ ಹೋದವರು ನಿಂತರು.

"ಊರು ಪತ್ತೆಯಾಗೋಕೆ ಎಷ್ಟು ದಿನವೋ. ಯಾವಾಗ ಹೋದ್ರೂ ಅವಳಿಗೊಂದು ಪೆಟ್ಟಿಗೆ ಬೇಕಾಗತ್ತೆ. ಗೋಣಿಚೀಲದಲ್ಲಿ ಒಂದು ಸಲ ಬಂದಿದ್ದು ಸಾಕು. ನೀವು ಬೇಡ ಅನ್ನದಿದ್ರೆ, ನನ್ನನ್ನ ಕಳಿಸೋದರೊಳಗೆ ಅಳತೆ ತಗೊಂಡುಬಿಡ್ತೀನಿ."

ಮೇಡಂ ಎದ್ದು ಅವರ ಹಿಂದೆಯೇ ಹಿಂಬದಿಯ ಕೋಣೆಗೆ ಬಂದರು. ಮುದುಕಿ ಮೆತ್ತೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಮೇಸ್ತ್ರಿ ಮಂಡಿಯೂರಿ ಟೇಪು ಎಳೆದರು. ಅದರ ಇನ್ನೊಂದು ತುದಿಯನ್ನು ಮೇಡಂ ಬಗ್ಗಿ ಮೂರ್ತಿಯ ತಲೆಯ ಹತ್ತಿರ ಹಿಡಿದುಕೊಂಡರು.